ಸಂಗೀತದ ವರಸೆ, ಸಂಬಂಧದ ವರಸೆ

ಹೋದ ಹುಣಸೆ ಸುಗ್ಗಿಯಲ್ಲಿ ಆರು ಮೂಟೆ ಹಣ್ಣು ಹಾಕಿಕೊಂಡು ಹಿಂದೂಪುರದ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ತೂಕದ ಕಟ್ಟೆಯ ಹತ್ತಿರ ನೂಕುನುಗ್ಗಲು. ತಕ್ಕಡಿಯವನಿಗೆ ಸಾಕಾಗಿ ಹೋಗಿ, "ಅಯ್ಯಾ, ವರಸಲೋ ನಿಲಬಡಂಡಿ!" ಎಂದು ತೆಲುಗಿನಲ್ಲಿ ಕೂಗಿದ. ನನ್ನ ಹಿಂದೆ ನಿಂತಿದ್ದ ಪಾವಗಡದ ಕಡೆಯ ವ್ಯಾಪಾರಿಯೊಬ್ಬರು ನಕ್ಕುಬಿಟ್ಟರು.

"ಏನು ಸ್ವಾಮಿ ನಗು?" ಅಂದೆ.

"ಏನಿಲ್ಲಪ್ಪ, ನಮ್ಮ ಮಗಳು ಹೊಸದಾಗಿ ಸಂಗೀತಕ್ಕೆ ಸೇರಿದ್ದಾಳೆ. ಬೆಳಿಗ್ಗೆ ಐದು ಗಂಟೆಗೇ ಸರಳಿ ವರಸೆ, ಜಂಟಿ ವರಸೆ ಅಂತ ಶುರು ಮಾಡ್ತಾಳೆ. ಅದರ ಕಾಟ ತಪ್ಪಲಿ ಅಂತ ಇಲ್ಲಿಗೆ ಬಂದ್ರೆ ಇಲ್ಲೂ ವರಸೆನಾ?" ಅಂದರು.

ಇಬ್ಬರೂ ನಕ್ಕೆವು. ಆದರೆ ಆ ಮಾತು ನನ್ನ ಜೊತೆಗೇ ಬಸ್ಸು ಹತ್ತಿ ಊರಿಗೆ ಬಂತು. ತಕ್ಕಡಿಯವನು ಹೇಳಿದ ವರಸೆ ಬೇರೆಯೇ? ಆ ಹುಡುಗಿ ಹಾಡುವ ವರಸೆ ಬೇರೆಯೇ? ಮದುವೆ ಮಾತುಕತೆಯಲ್ಲಿ ನಮ್ಮ ಹಿರಿಯರು "ವರಸೆ ಕೂಡುತ್ತಾ ನೋಡ್ರಪ್ಪ" ಅಂತಾರಲ್ಲ, ಆ ವರಸೆ ಬೇರೆಯೇ? ಗಡಿಯಲ್ಲಿ ಹುಟ್ಟಿ ಎರಡು ನುಡಿಯಲ್ಲೂ ನಾಲ್ಕು ಸಾಲು ಗೀಚುವ ನನ್ನಂಥವನಿಗೆ ಇಂಥ ಮಾತು ಸಿಕ್ಕರೆ ರಾತ್ರಿ ನಿದ್ದೆ ಬರುವುದಿಲ್ಲ. ಈ ಮಾತಿನ ಹಿಂದೆ ನನ್ನದೇ ಒಂದು ಹಳೆಯ ಸಾಲವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಸಾಲಿನಿಂದ ಹುಟ್ಟಿದ ಮಾತು

ವರಸೆ ಎಂದರೆ ಮೊದಲ ಅರ್ಥ ಸಾಲು, ಕ್ರಮ. ಕನ್ನಡದಲ್ಲಿ ವರಸೆ, ವರಿಸೆ. ತೆಲುಗಿನಲ್ಲಿ ವರಸ, ವರುಸ. ತಮಿಳಿನಲ್ಲಿ ವರಿಸೈ. ಮೂರೂ ಒಂದೇ ಬೇರಿನ ಚಿಗುರು. ತಮಿಳಿನವರು ಮದುವೆಯಲ್ಲಿ ತಟ್ಟೆಗಳ ಸಾಲಾಗಿ ಹೊತ್ತು ತರುವ ಉಡುಗೊರೆಗೆ 'ಸೀರ್ ವರಿಸೈ' ಅನ್ನುತ್ತಾರೆ. ಹೊಸೂರು, ತಾಳವಾಡಿ ಕಡೆಯ ಓದುಗರಿಗೆ ಇದು ಗೊತ್ತಿರುವ ಮಾತೇ.

ಒಂದು ಸಾಲಿನಲ್ಲಿ ಒಂದರ ಮುಂದೆ ಒಂದು ಬರುತ್ತದೆ. ಯಾವುದರ ಹಿಂದೆ ಯಾವುದು, ಯಾವುದರ ಪಕ್ಕ ಯಾವುದು ಎಂಬ ಲೆಕ್ಕ ಅಲ್ಲಿಂದ ಹುಟ್ಟುತ್ತದೆ. ಆ ಲೆಕ್ಕವನ್ನು ಮನುಷ್ಯರಿಗೆ ಹಚ್ಚಿದಾಗ ವರಸೆ ಎಂದರೆ ನೆಂಟಸ್ತಿಕೆ. ತೆಲುಗಿನಲ್ಲಿ 'ವಾವಿ ವರಸ' ಎಂದರೆ ಯಾರು ಯಾರಿಗೆ ಏನಾಗಬೇಕು ಎಂಬ ಸಂಬಂಧ. ಕನ್ನಡದಲ್ಲೂ ಅದೇ ಜೋಡಿ ಮಾತು ಇದೆ, 'ವಾವೆ ವರಸೆ'. ನಮ್ಮ ಕಡೆ "ಅವನು ವರಸೆಯಲ್ಲಿ ನನಗೆ ಅಳಿಯ" ಅಂದರೆ ಮಗಳನ್ನು ಕೊಟ್ಟಿದ್ದಾರೆ ಎಂದಲ್ಲ, ಆ ಸಾಲಿನಲ್ಲಿ ನಿಲ್ಲುವವನು ಎಂದರ್ಥ.

ಅದೇ ಲೆಕ್ಕವನ್ನು ಕೈಕಾಲಿನ ಚಲನೆಗೆ ಹಚ್ಚಿದಾಗ ಕತ್ತಿವರಸೆ, ದೊಣ್ಣೆವರಸೆ, ಕೋಲಾಟದ ವರಸೆ. ಒಂದು ಏಟಿನ ಹಿಂದೆ ಇನ್ನೊಂದು ಏಟು ಕ್ರಮವಾಗಿ ಬರಬೇಕು. ಕ್ರಮ ತಪ್ಪಿದರೆ ಕೋಲಾಟದಲ್ಲಿ ಬೆರಳು ಜಜ್ಜುತ್ತದೆ, ಕತ್ತಿವರಸೆಯಲ್ಲಿ ತಲೆಯೇ ಹೋಗುತ್ತದೆ! ಮನುಷ್ಯನ ನಡವಳಿಕೆಗೂ ಇದೇ ಮಾತು. "ಇವನ ವರಸೆ ಯಾಕೋ ಸರಿ ಕಾಣ್ತಿಲ್ಲ" ಎಂದು ನಾವು ಅನ್ನುವುದಿಲ್ಲವೆ? ದಿನದಿನದ ಸಾಲಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಅದರ ಅರ್ಥ.

ತೆಲುಗಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಹಾಡಿಗೆ ರಾಗ ಕೂಡಿಸುವುದಕ್ಕೆ 'ಪಾಟಕು ವರುಸ ಕಟ್ಟಡಂ' ಅನ್ನುತ್ತಾರೆ. ನಾವು ಕನ್ನಡದಲ್ಲಿ 'ಮಟ್ಟು' ಅನ್ನುವ ಕಡೆ ಅವರು 'ವರುಸ' ಅನ್ನುತ್ತಾರೆ. ಒಂದೇ ಮಾತು ತಕ್ಕಡಿ ಮುಂದಿನ ಸಾಲಿಗೂ ಆಯ್ತು, ಸೋದರಮಾವನಿಗೂ ಆಯ್ತು, ಹಾಡಿನ ರಾಗಕ್ಕೂ ಆಯ್ತು.

ದಾಸರು ಹಾಕಿದ ಸಾಲು

ಕರ್ನಾಟಕ ಸಂಗೀತ ಕಲಿಯುವ ಮಗು ಬೆಂಗಳೂರಿನದಾಗಲಿ, ವಿಜಯವಾಡದ್ದಾಗಲಿ, ಚೆನ್ನೈ, ತಿರುವನಂತಪುರದ್ದಾಗಲಿ, ಮೊದಲ ದಿನ ಕಲಿಯುವುದು ವರಸೆಯನ್ನೇ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಪ್ರದಾಯ ಹೇಳುತ್ತದೆ. ಅದಕ್ಕೇ ಅವರಿಗೆ ಸಂಗೀತ ಪಿತಾಮಹ ಎಂಬ ಹೆಸರು. ದಾಸರ ಕಾಲ 1484ರಿಂದ 1564 ಎಂದು ಎಣಿಸುತ್ತಾರೆ. ಚಿನ್ನಬೆಳ್ಳಿಯ ವ್ಯಾಪಾರ ಬಿಟ್ಟು ತಂಬೂರಿ ಹಿಡಿದ ಸಾಹುಕಾರರು ಅವರು ಎಂಬ ಕಥೆ ನಮ್ಮ ವ್ಯಾಪಾರಸ್ಥ ಓದುಗರಿಗೆಲ್ಲ ಗೊತ್ತು. ವ್ಯಾಪಾರಿಯ ಬುದ್ಧಿ ಪಾಠದಲ್ಲೂ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ಸಣ್ಣ ತೂಕದಿಂದ ಶುರು, ಒಂದೊಂದೇ ಕಲ್ಲು ಏರಿಸುತ್ತಾ ಹೋಗುವುದು.

ದಾಸರು ತೀರಿಕೊಂಡ ಮರುವರ್ಷ, 1565ರಲ್ಲಿ, ತಾಳೀಕೋಟೆ ಯುದ್ಧ ಆಯ್ತು, ಹಂಪೆ ಹಾಳಾಯ್ತು. ರಾಜಧಾನಿ ನಮ್ಮ ಪಕ್ಕದ ಪೆನುಕೊಂಡೆಗೆ ಬಂತು. ಸಂಗೀತದ ವಿದ್ಯೆ ಕ್ರಮೇಣ ತೆಂಕಲಿಗೆ ಇಳಿದು ತಂಜಾವೂರಿನಲ್ಲಿ ನೆಲೆ ನಿಂತಿತು. ನೆಲ ತಮಿಳರದು, ನಾಯಕ ದೊರೆಗಳ ಆಸ್ಥಾನದ ನುಡಿ ತೆಲುಗು, ಅವರ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ಅವರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ 'ಚತುರ್ದಂಡಿ ಪ್ರಕಾಶಿಕೆ' ಬರೆದು 72 ಮೇಳಗಳ ಲೆಕ್ಕ ಹಾಕಿಕೊಟ್ಟರು. ಆ ಲೆಕ್ಕದಲ್ಲಿ 15ನೆಯದು ಮಾಯಾಮಾಳವಗೌಳ. ಎಲ್ಲ ವರಸೆಗಳನ್ನೂ ಮಕ್ಕಳು ಹಾಡುವುದು ಈ ರಾಗದಲ್ಲೇ.

ಯಾಕೆ ಇದೇ ರಾಗ? ಇದರ ಮೊದಲ ಅರ್ಧ ಮತ್ತು ಎರಡನೇ ಅರ್ಧ ಒಂದೇ ಅಳತೆಯವು. ಸ-ರಿ-ಗ-ಮ ನಡುವೆ ಎಷ್ಟೆಷ್ಟು ಅಂತರವೋ, ಪ-ದ-ನಿ-ಸ ನಡುವೆಯೂ ಅಷ್ಟಷ್ಟೇ. ಅರ್ಧ ಹೊಲ ಅಳೆದು ಬಿಟ್ಟರೆ ಇನ್ನರ್ಧಕ್ಕೆ ಬೇರೆ ಹಗ್ಗ ಬೇಕಿಲ್ಲ. ಮಗುವಿನ ಗಂಟಲಿಗೆ ಒಮ್ಮೆ ಅಭ್ಯಾಸವಾದ ಅಳತೆ ಎರಡನೇ ಸಲಕ್ಕೂ ಬರುತ್ತದೆ.

ಇದೇ ತಂಜಾವೂರು ಸೀಮೆಯಲ್ಲಿ 1767ರಲ್ಲಿ ಹುಟ್ಟಿದ ತ್ಯಾಗರಾಜರು ಹಾಡಿದ್ದು ತೆಲುಗಿನಲ್ಲಿ. ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ಅವರು ಪುರಂದರದಾಸರಿಗೆ ನಮಸ್ಕಾರ ಹೇಳಿದ್ದಾರೆ. 1904ರಲ್ಲಿ ಸುಬ್ಬರಾಮ ದೀಕ್ಷಿತರ ದೊಡ್ಡ ಗ್ರಂಥ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಟ್ಟಯಾಪುರದಲ್ಲಿ ಅಚ್ಚಾಯಿತು. ಅದರ ಹಿಂದೆಯೇ 1905ರಲ್ಲಿ ಎಳೆಯರಿಗಾಗಿ 'ಪ್ರಥಮಾಭ್ಯಾಸ ಪುಸ್ತಕಮು' ಬಂತು. ಊರು ತಮಿಳು ಸೀಮೆಯದು, ಲಿಪಿ ತೆಲುಗು, ಪಾಠದ ಮೊದಲ ಸಾಲು ಕನ್ನಡ ದಾಸರದು ಎಂಬ ನಂಬಿಕೆ! ಗಡಿಯ ಬಗ್ಗೆ ಜಗಳ ಆಡುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಸಂಗೀತಕ್ಕೆ ಚೆಕ್‌ಪೋಸ್ಟ್ ಇರಲಿಲ್ಲ ನೋಡಿ.

ಒಂದೊಂದು ವರಸೆಯ ಒಂದೊಂದು ಗುಣ

ಮೊದಲು ಬರುವುದು ಸರಳಿ ವರಸೆ, ಕೆಲವರು ಸರಳೆ ಅನ್ನುತ್ತಾರೆ. ಸರಳ ಅಂದರೆ ಸುಲಭ, ಅದಕ್ಕೇ ಈ ಹೆಸರು ಎಂದು ನಾವೆಲ್ಲ ತಿಳಿದಿದ್ದೆವು. ಪಂಡಿತರು ಹೇಳುವುದು ಬೇರೆ. 'ಸ್ವರಾವಳಿ' ಎಂಬ ಮಾತೇ ಬಾಯಿಂದ ಬಾಯಿಗೆ ಸವೆದು ಸರಳಿ ಆಯ್ತಂತೆ. ಆವಳಿ ಅಂದರೂ ಸಾಲು, ವರಸೆ ಅಂದರೂ ಸಾಲು. ಹಾಗಾದರೆ ಸರಳಿ ವರಸೆ ಎಂದರೆ 'ಸ್ವರಸಾಲಿನ ಸಾಲು'. ನಾವು 'ಗೇಟು ಬಾಗಿಲು' ಅಂದ ಹಾಗೆ!

ಮೊದಲ ಸರಳಿಯಲ್ಲಿ ಸ್ವರಗಳು ಕೆಳಗಿನ ಸ-ದಿಂದ ಮೇಲಿನ ಸ-ಗೆ ಹತ್ತಿ, ಹಾಗೇ ಇಳಿಯುತ್ತವೆ. ಹತ್ತಲು ಎಂಟು, ಇಳಿಯಲು ಎಂಟು, ಒಟ್ಟು ಹದಿನಾರು. ಆದಿತಾಳಕ್ಕೆ ಎಂಟು ಅಕ್ಷರ, ಆದ್ದರಿಂದ ಎರಡು ಸುತ್ತಿಗೆ ಸರಿಹೋಯಿತು. ಇದನ್ನೇ ಮೂರು ಕಾಲದಲ್ಲಿ ಹಾಡಬೇಕು. ಒಂದನೇ ಕಾಲದಲ್ಲಿ ಏಟಿಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಹೊಸಬರು ತಪ್ಪುವುದು ಇಲ್ಲೇ. ಕಾಲ ಏರಿತು ಎಂದು ತಾಳದ ಕೈಯನ್ನೂ ಜೋರು ಮಾಡುತ್ತಾರೆ. ಕೈ ಜೋರಾಗಬಾರದು. ಕಡಲೆಕಾಯಿ ಬಿತ್ತುವಾಗ ಕೂರಿಗೆಯ ತಾಳುಗಳ ನಡುವಿನ ಅಂತರ ಬದಲಾಗುತ್ತದೆಯೆ? ಇಲ್ಲ. ಸಾಲು ಅದೇ, ಎತ್ತಿನ ಹೆಜ್ಜೆ ಅದೇ, ಕಾಳು ಮಾತ್ರ ಒತ್ತಾಗಿ ಬೀಳುತ್ತದೆ. ಮೂರನೇ ಕಾಲ ಅಂದರೆ ಒತ್ತು ಬಿತ್ತನೆ.

ಆಮೇಲೆ ಜಂಟಿ ವರಸೆ. ಪ್ರತಿ ಸ್ವರವೂ ಜೋಡಿ, ಸ-ಸ, ರಿ-ರಿ ಎಂದು. ಕನ್ನಡದಲ್ಲಿ ಜಂಟಿ, ತೆಲುಗಿನಲ್ಲಿ ಜಂಟ, ಎರಡಕ್ಕೂ ಜೋಡಿ ಎಂದೇ ಅರ್ಥ. ಸುಮ್ಮನೆ ಎರಡು ಸಲ ಹೇಳಿದರೆ ಜಂಟಿ ಆಗುವುದಿಲ್ಲ. ಎರಡನೆಯದನ್ನು ಒಂದಿಷ್ಟು ಒತ್ತಿ, ತಳ್ಳಿ ಹಾಡಬೇಕು. ಜೋಡಿ ಎತ್ತಿನಲ್ಲಿ ಒಂದು ನಡೆದರೆ ಇನ್ನೊಂದು ಎಳೆಯಬೇಕು ಎಂಬ ಹಾಗೆ.

ಮೂರನೆಯದು ದಾಟು ವರಸೆ. ಕೆಲವು ಪುಸ್ತಕಗಳಲ್ಲಿ 'ಧಾತು' ಎಂದು ಬರೆದಿರುತ್ತಾರೆ. ಆದರೆ ಇದು ನಮ್ಮ ಕಾಲುವೆ ದಾಟುವ ದಾಟೇ. ಕನ್ನಡ, ತೆಲುಗು ಎರಡರಲ್ಲೂ ಅದೇ ಮಾತು. ಸ್ವರ ಪಕ್ಕದ ಮನೆಗೆ ಹೋಗದೆ ನಡುವೆ ಒಂದೆರಡನ್ನು ಬಿಟ್ಟು ನೆಗೆಯುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಸಾಲು ಗಟ್ಟಿಯಾಗಿ ಗೊತ್ತಿದ್ದವನು ಮಾತ್ರ ಸಾಲು ಬಿಟ್ಟು ನೆಗೆಯಬಲ್ಲ. ಗೊತ್ತಿಲ್ಲದವನು ನೆಗೆದರೆ ಕಾಲುವೆಯಲ್ಲೇ.

ಮುಂದೆ ಹೆಚ್ಚು ಸ್ಥಾಯಿ, ತಗ್ಗು ಸ್ಥಾಯಿ ವರಸೆಗಳು. ಹೆಚ್ಚು, ತಗ್ಗು ಎಂಬ ಮಾತುಗಳೂ ಎರಡು ನುಡಿಗೂ ಸೇರಿದವು. ಕೊನೆಗೆ ಅಲಂಕಾರಗಳು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಲ್ಲಿ. ಧ್ರುವಕ್ಕೆ 14 ಅಕ್ಷರ, ಏಕಕ್ಕೆ ನಾಲ್ಕೇ. ಇಷ್ಟಾದ ಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಅವೂ ಪುರಂದರದಾಸರವೇ. ಅವುಗಳಲ್ಲಿ ಕೆರೆನೀರಿನ ಹೋಲಿಕೆ ಇರುವ ಒಂದು ಕನ್ನಡ ಗೀತೆ ಇದೆ. ಕನ್ನಡದ ಗಂಧ ಇಲ್ಲದ ಮಕ್ಕಳೂ ಅದನ್ನು ಬಾಯಿಪಾಠ ಹಾಡುತ್ತಾರೆ.

ಇಷ್ಟನ್ನು ನಾನು ಪಂಡಿತನಾಗಿ ಹೇಳುತ್ತಿಲ್ಲ. ನನ್ನ ಸಂಗೀತ ಜಂಟಿ ವರಸೆಗೇ ನಿಂತಿತು. ಯಾಕೆ ನಿಂತಿತು ಎಂಬುದೇ ಮುಂದಿನ ಕಥೆ.

ನನ್ನ ಪಾಠ ನಿಂತದ್ದು

1980ರಲ್ಲಿ ಕೆ. ವಿಶ್ವನಾಥ್ ಅವರ 'ಶಂಕರಾಭರಣಂ' ತೆಲುಗು ಚಿತ್ರ ಬಂತು. ನಮ್ಮ ಮಡಕಶಿರಾ ಸೀಮೆಯ ಟೆಂಟಿಗೆ ಬರುವಾಗ ಒಂದು ವರ್ಷವೇ ಆಗಿತ್ತು. ಆ ಚಿತ್ರ ನೋಡಿ ಊರೂರಲ್ಲಿ ಹುಡುಗರಿಗೆ ಸಂಗೀತದ ಹುಚ್ಚು ಹಿಡಿಯಿತು. ನನಗೆ ಆಗ ಹನ್ನೊಂದೋ ಹನ್ನೆರಡೋ. ಆ ವರ್ಷವೇ ಉಗಾದಿಗೆ ತೆಲುಗು ಪದ್ಯನಾಟಕ ಆಡಿಸಲು ನಮ್ಮೂರಿಗೆ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಬಂದಿದ್ದರು. ಗುಡಿಯ ಜಗಲಿಯಲ್ಲಿ ವಾಸ. ತಿಂಗಳಿಗೆ ಎರಡು ಸೇರು ರಾಗಿಗೆ ನನಗೂ ಇನ್ನಿಬ್ಬರಿಗೂ ವರಸೆ ಹೇಳಿಕೊಡಲು ಒಪ್ಪಿದರು.

ಒಂದನೇ ಕಾಲ ಬಂತು, ಎರಡನೇ ಕಾಲವೂ ಬಂತು. ಮೂರನೇ ಕಾಲ ನನಗೆ ಬರಲೇ ಇಲ್ಲ. ಕೈ ಓಡುತ್ತಿತ್ತು, ಬಾಯಿ ತೊದಲುತ್ತಿತ್ತು. ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಕೋಲಿನಿಂದ ಹೊಡೆದು ಸುಮ್ಮನಾದರು.

ಗುಡಿಯ ಎದುರಿನ ಹುಣಸೆಮರದ ಕೆಳಗೆ ನಮ್ಮೂರ ತಮಟೆಯವರು ಕೂತಿರುತ್ತಿದ್ದರು. ಊರಾಚೆಯ ಹಟ್ಟಿಯವರು. ನಮ್ಮಪ್ಪ ಅವರನ್ನು "ಬಾವ" ಅನ್ನುತ್ತಿದ್ದ, ಅವರು ನಮ್ಮಪ್ಪನನ್ನು "ಬಾವ" ಅನ್ನುತ್ತಿದ್ದರು. ಆ ವರಸೆಯಲ್ಲಿ ನನಗೆ ಅವರು ಮಾವ. ಒಂದು ದಿನ ನಾನು ಕಣ್ಣೊರೆಸಿಕೊಂಡು ಬರುವಾಗ ಕರೆದರು.

"ಯಾಕಳಿಯ, ಮೂರನೇ ಕಾಲ ಸಿಕ್ತಿಲ್ವಾ? ಬಾಯಿ ಮುಚ್ಚು. ಮೊದ್ಲು ಕಾಲಲ್ಲಿ ನಡಿ. ಆಮೇಲೆ ಬಾಯಿ."

ಮಾರನೇ ದಿನ ನಾನು ಅವರ ಮನೆಯ ಮುಂದಿನ ಅಂಗಳಕ್ಕೆ ಹೋದೆ. ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆಯನ್ನು ಕಾಯಿಸಿದರು. ಸಡಿಲ ಚರ್ಮ ಬಿಗಿಯಾಯಿತು. ಬಲಗೈಯ ದಪ್ಪ ಕೋಲಿನಿಂದ ನಿಧಾನ ನಡೆ ಇಟ್ಟರು. ಎಡಗೈಯ ಸಣ್ಣ ಕಡ್ಡಿಯಿಂದ ಅದರ ನಡುವೆ ಒಂದು, ಆಮೇಲೆ ಎರಡು, ಆಮೇಲೆ ನಾಲ್ಕು ತುಂಬಿದರು. ದಪ್ಪ ಕೋಲು ಒಂದು ಸಲವೂ ಅವಸರ ಮಾಡಲಿಲ್ಲ. ನನ್ನನ್ನು ಆ ದಪ್ಪ ಕೋಲಿನ ಏಟಿಗೆ ಅಂಗಳದಲ್ಲಿ ನಡೆಸಿದರು. ಅರ್ಧ ಗಂಟೆಯಲ್ಲಿ ಮೂರನೇ ಕಾಲ ನನ್ನ ಕಾಲಿಗೆ ಬಂತು, ಕಾಲಿನಿಂದ ಬಾಯಿಗೆ ಹತ್ತಿತು. "ಇದಕ್ಕೆ ನಾವೂ ವರಸೆ ಅಂತಲೇ ಅಂತೀವಿ ಅಳಿಯ. ದೇವರ ಮುಂದೆ ಒಂದು ವರಸೆ, ಮದುವೆಗೆ ಒಂದು, ಹೆಣದ ಮುಂದೆ ಒಂದು. ನಿಮ್ಮ ಮೇಷ್ಟ್ರದು ಗಂಟಲದು, ನಮ್ಮದು ಚರ್ಮದ್ದು, ಅಷ್ಟೇ" ಅಂದರು.

ಹೀಗೆ ಐದಾರು ದಿನ ಹೋದೆ. ಜಂಟಿಯ ಎರಡನೇ ಸ್ವರವನ್ನು ಹೇಗೆ ತಳ್ಳಬೇಕು ಎಂಬುದನ್ನೂ ಅವರು ತಮಟೆಯಲ್ಲೇ ತೋರಿಸಿದರು. ಮೇಷ್ಟ್ರಿಗೆ ಆಶ್ಚರ್ಯ, ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆ. ಸಂಜೆಗೆ ಸುದ್ದಿ ಮನೆಗೆ ಬಂತು.

ಅಪ್ಪ ಹೊಡೆಯಲಿಲ್ಲ. ಬಚ್ಚಲಲ್ಲಿ ನಿಲ್ಲಿಸಿ ತಲೆಯ ಮೇಲೆ ನೀರು ಹುಯ್ಯಲು ಅವ್ವನಿಗೆ ಹೇಳಿದ. ಆಮೇಲೆ ಪಾಠ ಬಿಡಿಸಿದ. "ಅವರು ನಮಗೆ ಬಾವ ಅಂತೀಯಲ್ಲಪ್ಪ" ಅಂದೆ. "ಕರೆಯೋದಕ್ಕೆ ಬಾವ, ಕೂರೋದಕ್ಕಲ್ಲ" ಅಂದ ಅಪ್ಪ. ಮಾರನೇ ದಿನ ಹೊಲದಲ್ಲಿ ಅವನೇ ಅವರನ್ನು "ಏನ್ ಬಾವ" ಎಂದು ಎಂದಿನಂತೆ ಮಾತಾಡಿಸಿದ. ಅವರೂ ಎಂದಿನಂತೆ ದೂರ ನಿಂತು ಬೊಗಸೆ ಒಡ್ಡಿ ನೀರು ಹುಯ್ಯಿಸಿಕೊಂಡು ಕುಡಿದರು. ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ನಾನು ಮುಂದೆ ಕನ್ನಡ ಶಾಲೆಗೆಂದು ಗಡಿ ದಾಟಿ ಎಸ್ಸೆಸ್ಸೆಲ್ಸಿ ಮುಗಿಸಿದೆ, ಹೊಲಕ್ಕೆ ಇಳಿದೆ, ಪದ್ಯ ಬರೆದೆ. ಆದರೆ ಆ ಅಂಗಳಕ್ಕೆ ಮತ್ತೆ ಹೋಗಲಿಲ್ಲ. ಅಪ್ಪ ಸತ್ತ ಮೇಲೂ ಹೋಗಲಿಲ್ಲ. ಆಗ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ತಪ್ಪನ್ನು ಅಪ್ಪನ ತಲೆಗೆ ಕಟ್ಟಿ ನಾನು ಹಾಯಾಗಿದ್ದೆ, ಅಷ್ಟೇ.

ಊರಿನ ವರಸೆ

ನಮ್ಮ ಸೀಮೆಯ ಹಳ್ಳಿಗಳಲ್ಲಿ ವರಸೆ ಇಲ್ಲದ ಮನುಷ್ಯನೇ ಇಲ್ಲ. ರಕ್ತಸಂಬಂಧ ಬೇಕಿಲ್ಲ, ಜಾತಿ ಒಂದಾಗಬೇಕಿಲ್ಲ, ನುಡಿಯೂ ಒಂದಾಗಬೇಕಿಲ್ಲ. ಕನ್ನಡದವನು ತೆಲುಗಿನವನನ್ನು ಮಾವ ಅಂತಾನೆ, ಸಾಬರ ಮನೆಯ ಮುದುಕಿಯನ್ನು ಎಲ್ಲರೂ ಅಜ್ಜಿ ಅಂತಾರೆ. ಹೊಸದಾಗಿ ಊರಿಗೆ ಸೊಸೆ ಬಂದರೆ ಮೊದಲ ವಾರ ಅತ್ತೆಗೆ ಇದೇ ಕೆಲಸ, ಯಾರನ್ನು ಏನೆಂದು ಕರೆಯಬೇಕು ಎಂದು ವರಸೆ ಹೇಳಿಕೊಡುವುದು. ಅದೂ ಒಂದು ಸರಳಿ ಪಾಠವೇ. ಸಾಲ ಕೊಡುವಾಗ, ಬಾವಿ ನೀರು ಹಂಚುವಾಗ, ಮುಯ್ಯಾಳು ಕರೆಯುವಾಗ ಈ ವರಸೆ ಎಷ್ಟು ಜಗಳ ತಪ್ಪಿಸಿದೆ ಎಂದು ಲೆಕ್ಕ ಇಟ್ಟವರಿಲ್ಲ.

ಈಗಿನ ಮಕ್ಕಳಿಗೆ ಎಲ್ಲರೂ ಅಂಕಲ್, ಎಲ್ಲರೂ ಆಂಟಿ. ಸಾಲು ಹೋಗಿ ಗುಂಪಾಯ್ತು ಎಂದು ನಾನೂ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದೆ, ಪದ್ಯವನ್ನೂ ಬರೆದಿದ್ದೆ. ಆದರೆ ಆ ಪದ್ಯ ಬರೆದ ಮೇಲೆ ನನಗೇ ಒಂದು ಮುಜುಗರ ಕಾಡಿತು. ಆ ಹಳೆಯ ವರಸೆ ಪೂರ್ತಿ ನಿಜವೇ? ಬಾಯಲ್ಲಿ ಬಾವ ಅಂದವರನ್ನು ಊಟದ ಸಾಲಿನಲ್ಲಿ ಕೂರಿಸಲಿಲ್ಲ. ಸಾಲು ಎಂಬ ಅರ್ಥದ ಮಾತಿನಿಂದಲೇ ಕರೆದೆವು, ಸಾಲಿನಿಂದಲೇ ಹೊರಗಿಟ್ಟೆವು. ಒಂದು ಸ್ವರ ಬಿಟ್ಟು ಸರಳಿ ಹಾಡಿದರೆ ಮೇಷ್ಟ್ರು ಕೋಲಿನಿಂದ ಹೊಡೆಯುತ್ತಿದ್ದರು. ಊರು ಒಂದು ಹಟ್ಟಿಯನ್ನೇ ಬಿಟ್ಟು ವರಸೆ ಹಾಡಿತು, ಯಾರೂ ಹೊಡೆಯಲಿಲ್ಲ.

ಚರ್ಮದ ವರಸೆಗೆ ಬಂದ ಮಾನ

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅದೂ ನಮ್ಮ ಹಾಗೆ ಕನ್ನಡ ತೆಲುಗು ಬೆರೆತ ಸೀಮೆಯೇ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನಗೆ ನಮ್ಮೂರ ಮಾವ ನೆನಪಾದರು. ಅವರು ತೀರಿಕೊಂಡು ಆಗ ನಾಲ್ಕು ವರ್ಷ ಆಗಿತ್ತು. ಮಣ್ಣಿಗೆ ಹೋಗಿದ್ದೆ. ಜೀವಮಾನವೆಲ್ಲ ಊರಿನ ಹೆಣಗಳ ಮುಂದೆ ತಮಟೆ ಬಾರಿಸಿದವರ ಮುಂದೆ ಆ ದಿನ ಬಾರಿಸಲು ಪಕ್ಕದೂರಿನವರು ಬಂದಿದ್ದರು. ನಮ್ಮೂರಲ್ಲಿ ಆ ವರಸೆ ಬಲ್ಲವರು ಉಳಿದಿರಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಹಟ್ಟಿಯ ಹುಡುಗರು ತಮಟೆ ಬಿಟ್ಟರು ಎಂದು ಕೊರಗುವ ಹಕ್ಕು ನಮಗಿಲ್ಲ. ಅದು ಅವರಿಗೆ ಬಿಟ್ಟಿ ಚಾಕರಿಯಾಗಿತ್ತು. ಒಂದು ಮೊರ ರಾಗಿಗೆ ಮಳೆಯಲ್ಲಿ, ಬಿಸಿಲಲ್ಲಿ ಬಾರಿಸಬೇಕಿತ್ತು, ಬಾರದಿದ್ದರೆ ಬೈಗುಳ. ಬಿಟ್ಟವರು ಬುದ್ಧಿವಂತರು. ವಿದ್ಯೆಯನ್ನು ವಿದ್ಯೆ ಎಂದು ಗೌರವಿಸಿ, ಕೈಗೆ ಸರಿಯಾದ ಕಾಸು ಕೊಟ್ಟಿದ್ದರೆ ಅವರು ಯಾಕೆ ಬಿಡುತ್ತಿದ್ದರು?

ಮಾವನ ಮೊಮ್ಮಗ ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾನೆ. ಚಿಕ್ಕವನಿದ್ದಾಗ ತಾತನ ಕೈಲಿ ಕಲಿತ ವರಸೆಗಳು ಅವನ ಕೈಯಲ್ಲಿವೆ ಎಂದು ಗೊತ್ತಾಯಿತು. ಹುಣಸೆ ಮಾರಿ ಬಂದ ಆ ವಾರವೇ ಅವನು ಹಬ್ಬಕ್ಕೆ ಊರಿಗೆ ಬಂದಿದ್ದ. ದಾರಿಯಲ್ಲಿ ನಿಲ್ಲಿಸಿ, "ನಿಮ್ಮ ತಾತನ ವರಸೆಗಳನ್ನ ಬರೆದಿಡಬೇಕು ಅಂತಿದ್ದೀನಪ್ಪ. ಬಾ, ನಮ್ಮ ಜಗಲಿಯಲ್ಲಿ ಕೂತು ಹೇಳು" ಅಂದೆ.

ಅವನು ನನ್ನನ್ನೇ ಒಂದು ಗಳಿಗೆ ನೋಡಿದ. "ಬರೆದ್ರೆ ಬರಲ್ಲ ಅಣ್ಣ. ಕೂತು ಕೇಳಬೇಕು. ತಾತ ಹೇಳ್ತಿದ್ದ, ನೀವು ಮೂರನೇ ಕಾಲ ಕಲ್ತಿದ್ದು ನಮ್ಮ ಅಂಗಳದಲ್ಲೇ ಅಂತೆ. ಆಮೇಲೆ ಬರಲಿಲ್ಲ ಅಂತೆ" ಅಂದ.

ನಲವತ್ತು ವರ್ಷ ಕಳೆದರೂ ಅವರು ಮರೆತಿರಲಿಲ್ಲ. ಬೈದಿರಲೂ ಇಲ್ಲ. ಬರಲಿಲ್ಲ ಎಂದಷ್ಟೇ ಹೇಳಿ ಹೋಗಿದ್ದರು. ನನಗೆ ಮಾತು ಹೊರಡಲಿಲ್ಲ.

"ನಾಳೆ ನಾನೇ ಬರ್ತೀನಿ" ಅಂದೆ.

ಹೋದೆ. ಅದೇ ಅಂಗಳ, ಮನೆ ಮಾತ್ರ ಈಗ ಆರ್‌ಸಿಸಿ. ಹುಲ್ಲಿನ ಬೆಂಕಿ ಬೇಕಾಗಲಿಲ್ಲ, ಅವನ ತಮಟೆಗೆ ಈಗ ಫೈಬರ್ ಹೊದಿಕೆ. ನನ್ನ ಕೈಗೆ ದಪ್ಪ ಕೋಲು ಕೊಟ್ಟು, "ಇದು ಅವಸರ ಮಾಡಬಾರದು" ಅಂದ. ತಾತ ಹೇಳಿದ್ದೂ ಅದೇ. ಆದರೂ ಐವತ್ತು ದಾಟಿದ ಕೈ ಅವಸರ ಮಾಡಿತು. ಅವನು ನಕ್ಕು ಮತ್ತೆ ಮೊದಲಿನಿಂದ ಶುರು ಮಾಡಿಸಿದ. ಮಧ್ಯಾಹ್ನವಾಯಿತು. ಅವನ ತಾಯಿ ಮುದ್ದೆ, ಅವರೆಕಾಳಿನ ಸಾರು ತಂದು ಮುಂದಿಟ್ಟರು. "ತಿಂತೀರಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿದ್ದ ಸಂಕೋಚವೇ ನನ್ನ ಅಪ್ಪ ನನಗೆ ಬಿಟ್ಟುಹೋದ ಆಸ್ತಿ ಎಂದು ಅನ್ನಿಸಿತು. ಸಾಲಾಗಿ ಕೂತು ಉಂಡೆವು. ಸಂಜೆ ಊರಲ್ಲಿ ಇಬ್ಬರು ಹಿರಿಯರು ನನ್ನನ್ನು ನೋಡಿ ಮುಖ ತಿರುಗಿಸಿದರು. ಒಬ್ಬ ಹುಡುಗ ಮಾತ್ರ "ಮಾವ, ನಾಳೆ ನಾನೂ ಬರಲಾ?" ಎಂದು ಕೇಳಿದ.

ಅವನು ಊರಿಗೆ ಬಂದಾಗಲೆಲ್ಲ ಈಗ ಪಾಠ ನಡೆಯುತ್ತದೆ. ದಿನಕ್ಕೆ ಅವನ ಕಾರ್ಖಾನೆಯ ಕೂಲಿಗೆ ಕಡಿಮೆಯಿಲ್ಲದಂತೆ ನಾವು ಕಲಿಯುವವರು ಸೇರಿ ಕೊಡುತ್ತೇವೆ. ನಾನು ನಾಲ್ಕು ವರಸೆ ಕಲಿತಿದ್ದೇನೆ. ಇನ್ನೂ ಹತ್ತು ಇವೆಯಂತೆ.

ಕೊನೆಗೆ ಓದುಗರಲ್ಲಿ ಒಂದು ಮನವಿ. ಅಕ್ಕಲಕೋಟೆ, ಆದೋನಿ, ರಾಯದುರ್ಗ, ಹೊಸೂರು, ಎಲ್ಲಿಯವರೇ ಆಗಿ, ನಿಮ್ಮ ಕಡೆ ಡೊಳ್ಳಿಗೆ, ಹಲಗೆಗೆ, ಕೋಲಾಟಕ್ಕೆ ಯಾವ ಯಾವ ವರಸೆ ಇವೆ, ಅವಕ್ಕೆ ಏನೇನು ಹೆಸರು, ಸುಗ್ಗಿ ಮುಗಿದ ಮೇಲೆ ಬಲ್ಲವರನ್ನು ಕೇಳಿ ಬರೆದಿಡಿ. ಬರೆದುಕೊಳ್ಳಲು ಅವರನ್ನು ನಿಮ್ಮ ಜಗಲಿಗೆ ಕರೆಸಬೇಡಿ. ಅವರ ಅಂಗಳಕ್ಕೆ ನೀವು ಹೋಗಿ. ಕಲಿಯುವವನು ಗುರುವಿನ ಮನೆಗೆ ಹೋಗುವುದೇ ವರಸೆ.